ಗೋಡೆ ನೋಡಿ ಕೊಟ್ಟ ಮಾತ್ರೆ

ಡಾಕ್ಟರು ನನ್ನ ಕಾಯಿಲೆಯ ಹೆಸರು ಹೇಳುವ ಮೊದಲೇ ನಮ್ಮ ಮನೆಯ ಹಗ್ಗಗಳನ್ನೆಲ್ಲ ಪಕ್ಕದ ಬೋರಮ್ಮನ ಮನೆಗೆ ಸಾಗಿಸಿಬಿಟ್ಟೆವು. ಬಾವಿ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ಅಟ್ಟದ ಮೇಲೆ ಬಿದ್ದಿದ್ದ ತೊಟ್ಟಿಲ ಹಗ್ಗ, ಕೊನೆಗೆ ಹೂ ಕಟ್ಟುವ ಬಾಳೆನಾರು ಕೂಡ. ನಾನು ಬೀದಿಯ ಹೆಂಗಸರಿಗೆ ಬ್ಲೌಸ್ ಹೊಲಿದು ಬದುಕುವವಳು. ನನ್ನ ದಾರದ ರೀಲುಗಳು ಹಗ್ಗದ ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಎಂದು ನನ್ನ ತಂಗಿ ನೀಲಾ ಅರ್ಧ ದಿನ ತಲೆ ಕೆಡಿಸಿಕೊಂಡಳು. ಆಮೇಲೆ ಅವನ್ನೂ ಬುಟ್ಟಿಗೆ ತುಂಬಿ ಕೊಟ್ಟುಬಂದಳು. ಅಳತೆ ಟೇಪೂ ಹೋಯಿತು. ಲಂಗದ ಲಾಡಿಗಳನ್ನು ಸಹ ಅವಳು ಬಿಡಲಿಲ್ಲ. ಎಲ್ಲವನ್ನೂ ಎಳೆದು ತೆಗೆದಳು, ಇಬ್ಬರೂ ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡು ಓಡಾಡಿದೆವು. ಅರವತ್ತು ದಾಟಿದ ಹೆಂಗಸು ನಾನು. ಎದೆನೋವಿನಿಂದ ಪ್ರಾಣ ಹೋಗುವ ಮೊದಲು ಪಿನ್ನು ಬಿಚ್ಚಿ ಮಾನ ಹೋಗುತ್ತದೇನೋ ಎಂದು ಆ ವಾರವೆಲ್ಲ ಸೊಂಟ ಹಿಡಿದುಕೊಂಡೇ ನಡೆದೆ.

ನಮ್ಮ ಊರಿನಲ್ಲಿ ಡಾಕ್ಟರು ಕಾಯಿಲೆಯ ಹೆಸರನ್ನು ಬಾಯಿ ಬಿಟ್ಟು ಹೇಳಿದರೆ ಆ ಹೆಸರಿನ ಬೇರು, ಅಂದರೆ ಪದದ ಹಳೆಯ ಮೂಲ ಅರ್ಥ, ಮನೆಗೆ ಬಂದು ಕೂರುತ್ತದೆ. ಹಾಗಂತ ಹೇಳದೆ ಇರುವಂತೆಯೂ ಇಲ್ಲ. ಹೆಸರು ಹೇಳದೆ ಕೊಟ್ಟ ಮಾತ್ರೆ ಇಲ್ಲಿ ಸೀಮೆಸುಣ್ಣಕ್ಕೆ ಸಮ. ಹಾಗಾಗಿ ನಮ್ಮ ಮರಿಸ್ವಾಮಿ ಡಾಕ್ಟರು ತುಟಿ ಬಿಗಿಹಿಡಿದ ಮನುಷ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರದೋ ತೊಡೆ ಒತ್ತಿ ನೋಡಿ ಮಸಲ್ ಎಳೆದಿದೆ ಅಂದುಬಿಟ್ಟಿದ್ದರು. ಲ್ಯಾಟಿನ್ನಿನಲ್ಲಿ ಅದಕ್ಕೆ ಪುಟ್ಟ ಇಲಿ ಎಂದರ್ಥವಂತೆ. ಆ ಮನೆಯವರು ಅಕ್ಕಿ ಡಬ್ಬಗಳನ್ನು ತೊಲೆಗೆ ನೇತುಹಾಕಿಕೊಂಡು ಆ ಬೇಸಿಗೆ ಕಳೆದರು. ಅಂದಿನಿಂದ ಡಾಕ್ಟರು ಅಂಥ ನೋವಿಗೆಲ್ಲ ನರ ಹಿಡಿದಿದೆ ಅನ್ನುತ್ತಾರೆ. ಮೇಲಿನ ಬೀದಿಯ ರಂಗಮ್ಮಜ್ಜಿಗೆ ಕಣ್ಣಿನ ಪೊರೆಗೆ ಕ್ಯಾಟರಾಕ್ಟ್ ಎಂದು ಹೇಳಿದಾಗ, ಆ ಪದದ ಬೇರಿನಲ್ಲಿದ್ದ ಜಲಪಾತ ಹಿತ್ತಲ ಗೋಡೆಯ ಮೇಲಿಂದ ಧುಮುಕಿತು. ಬೀದಿಯ ಹೆಂಗಸರೆಲ್ಲ ಬಟ್ಟೆ ಒಗೆಯಲು ಅಲ್ಲಿಗೇ ಹೋಗುತ್ತಿದ್ದರು. ಆಪರೇಷನ್ ಆದ ದಿನ ನೀರು ನಿಂತುಹೋಯಿತು. ಅಜ್ಜಿಗೆ ಕಣ್ಣು ಬಂತಲ್ಲ ಎಂದು ಎಲ್ಲರೂ ಮುಖ ಅರಳಿಸಿದರು, ಆದರೆ ಬಕೆಟ್ಟು ಹಿಡಿದು ವಾಪಸ್ ಬರುವಾಗ ಒಬ್ಬರ ಮುಖದಲ್ಲೂ ಕಳೆ ಇರಲಿಲ್ಲ.

ಕಾಯಿಲೆ ಹೋದರೂ, ಕಾಯಿಲೆಯವರೇ ಹೋದರೂ, ಬೇರು ಮನೆ ಬಿಟ್ಟು ಹೋಗುತ್ತದೆ. ದಾಸಯ್ಯನವರಿಗೆ ಕಾಲಿನ ಕೀಲು ಊದಿ ನೋಯುವ ಗೌಟ್. ಅದು ಹನಿ ಎಂಬ ಮಾತಂತೆ, ಸೂರಿನಿಂದ ಬಿರುಬೇಸಿಗೆಯಲ್ಲೂ ತೊಟ್ಟಿಕ್ಕುತ್ತಿತ್ತು. ಆತ ತೀರಿಕೊಂಡ ಮೇಲೆ ಸೂರು ಒಣಗಿತು. ಆತನ ಹೆಂಡತಿ ಮಾತ್ರ ಹನಿ ಬೀಳುತ್ತಿದ್ದ ಜಾಗದಲ್ಲಿ ಈಗಲೂ ಹಿತ್ತಾಳೆ ಪಾತ್ರೆ ಇಟ್ಟೇ ಇದ್ದಾರೆ. ಯಾರೂ ಅದನ್ನು ತೆಗೆ ಎನ್ನುವುದಿಲ್ಲ.

ನಮ್ಮ ಅಮ್ಮ ಹೆಸರು ಹೇಳಿಸಿಕೊಳ್ಳದೆ ಸತ್ತವಳು. ಕೊಡ ಇಳಿಸಿದಾಗ, ಬೀಸುಕಲ್ಲಿನ ಮುಂದೆ ಕೂತಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಏನಮ್ಮಾ ಎಂದರೆ ಏನಿಲ್ಲ ಎನ್ನುತ್ತಿದ್ದಳು. ಗಂಡನಿಲ್ಲದ ಮನೆ, ಎರಡು ಹೆಣ್ಣುಮಕ್ಕಳು. ಯಾವ ಹೆಸರೋ ಏನೋ, ಮನೆಗೆ ಏನು ಬಂದು ವಕ್ಕರಿಸುತ್ತದೋ ಎಂದು ಅವಳು ಡಾಕ್ಟರ ಮನೆಯ ಬೀದಿಗೇ ಕಾಲಿಡಲಿಲ್ಲ. ಒಂದು ಮಧ್ಯಾಹ್ನ ನೀಲಾ ಹೈಸ್ಕೂಲಿನಿಂದ ಬಂದಾಗ ಅಮ್ಮ ಬೀಸುಕಲ್ಲಿಗೆ ಒರಗಿದ್ದಳಂತೆ. ಬೆಳಿಗ್ಗೆ ಇವಳು ಪುಸ್ತಕ ಎತ್ತಿಕೊಂಡು ಹೊರಡುವಾಗ ಕೇಳಿದ್ದಕ್ಕೆ ಏನಿಲ್ಲ ಹೋಗು ಅಂದಿದ್ದಳಂತೆ. ಮನೆಗೆ ಒಂದು ಬಿರುಕು ಬೀಳಲಿಲ್ಲ, ಒಂದು ಹನಿ ಸೋರಲಿಲ್ಲ. ಅಮ್ಮ ಮಾತ್ರ ಇರಲಿಲ್ಲ. ಮುಂದೆ ನಾವಿಬ್ಬರೇ ಉಳಿದೆವು. ನನಗೆ ಮದುವೆಯ ಗೋಜು ಬೇಡವಾಯಿತು. ಅವಳು ಮದುವೆಯಾಗಿ ಹೋಗಿ, ಎರಡನೇ ವರ್ಷಕ್ಕೆ ಟ್ರಂಕು ಹೊತ್ತುಕೊಂಡು ಬಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗ ಅವಳು ಹಿಟ್ಟಿನ ಗಿರಣಿಯಲ್ಲಿ ತೂಕ ಮಾಡುತ್ತಾಳೆ, ಸಂಜೆ ಹುಬ್ಬೆಲ್ಲ ಬಿಳಿ ಮಾಡಿಕೊಂಡು ಮನೆಗೆ ಬರುತ್ತಾಳೆ.

ನನಗೆ ಮೊದಲು ನೋವು ಬಂದದ್ದು ಸಂತೆಯಿಂದ ಬಟ್ಟೆ ಗಂಟು ಹೊತ್ತು ಮೆಟ್ಟಿಲು ಹತ್ತುವಾಗ. ಎದೆಯನ್ನು ಒಳಗಿನಿಂದ ಯಾರೋ ಗಂಟು ಬಿಗಿದಂತಾಗಿ ಅಲ್ಲೇ ಕೂತೆ. ಏನಾಯ್ತು ಎಂದು ನೀಲಾ ಓಡಿಬಂದಳು. ಏನಿಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಮರುಮಾತಾಡದೆ ಕೈ ಹಿಡಿದು ಸೀದಾ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ವೈರು ಅಂಟಿಸಿ ಇಸಿಜಿ ತೆಗೆದರು, ತುಟಿ ಬಿಗಿ ಮಾಡಿದರು. ಆಮೇಲೆ ಚಪ್ಪಲಿ ಮೆಟ್ಟಿ ಸಿಲ್ವೆಸ್ಟರ್ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಪಾದ್ರಿಯಾಗಲು ಓದಲು ಹೋಗಿ ಮದುವೆಯಾಗಿ ಬಂದವರು. ಕಲಿತ ಲ್ಯಾಟಿನ್ನು ದಂಡವಾಗಬಾರದೆಂದು ಊರಿಗೆಲ್ಲ ಬೇರು ನೋಡಿ ಹೇಳುತ್ತಾರೆ. ಮನೆಯವರು ಮೊದಲೇ ತಯಾರಾಗಲಿ ಎಂಬುದು ಇದರ ಉದ್ದೇಶ. ಮರುದಿನ ಅವರು ನಮ್ಮ ಜಗುಲಿಯ ಮೇಲೆ ಕೂತು ಕಾಫಿ ಕುಡಿದು ಹೇಳಿದರು.

"ಹೆಸರು ನಾನು ಹೇಳಲ್ಲ ಚಂದ್ರಮತಿಯವರೇ, ಅದು ಡಾಕ್ಟರ ಕೆಲಸ. ಬೇರು ಹೇಳ್ತೀನಿ. ಲ್ಯಾಟಿನ್ನಲ್ಲಿ ಅದು ಹಿಸುಕೋದು, ಕತ್ತು ಬಿಗಿಯೋದು. ಗ್ರೀಕರಲ್ಲಿ ಅದರ ನೆಂಟ ಪದ ಒಂದಿದೆ, ಅದಂತೂ ನೇಣಿನದೇ ಮಾತು."

ನೀಲಾ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಬಟ್ಟೆ ಒಣಹಾಕುವ ಹಗ್ಗದ ಕಡೆ ನೋಡಿದಳು.

"ಇದರ ಕೆಳಗೆ ಇನ್ನೂ ಹಳೇದೊಂದಿದೆ," ಮೇಷ್ಟ್ರು ಮುಂದುವರಿಸಿದರು. "ಲ್ಯಾಟಿನ್ನಿಗೂ ಮುಂಚಿನದು. ಅದನ್ನ ಅಗೆದು ತೆಗೀಬೇಕಾದ್ರೆ ನನಗೆ ಕೆಲವು ದಿನ ಬೇಕು. ಕಾಯೋಕಾದ್ರೆ ಕಾಯಿರಿ."

"ಕಾಯೋಕಾಗಲ್ಲ ಮೇಷ್ಟ್ರೇ," ಎಂದಳು ನೀಲಾ. "ಕಾದು ಕೂತ್ರೆ ಏನಾಗುತ್ತೆ ಅಂತ ನನಗೆ ಗೊತ್ತು."

ಹಗ್ಗಗಳೆಲ್ಲ ಬೋರಮ್ಮನ ಮನೆ ಸೇರಿದ್ದು ಹೀಗೆ.

ಡಾಕ್ಟರು ನಡುಮನೆಯಲ್ಲಿ ನಿಂತು, ಮನೆಗೆ ಕೇಳುವ ಹಾಗೆ, ಆಂಜೈನಾ ಎಂದರು. ನೀಲಾ ನನ್ನ ಕತ್ತನ್ನೇ ನೋಡುತ್ತಿದ್ದಳು. ನಾನು ಸೀರೆ ಸೆರಗನ್ನೂ ಕತ್ತಿನಿಂದ ದೂರ ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದೆ. ಏನೂ ಆಗಲಿಲ್ಲ. ಡಾಕ್ಟರು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಚಿಕ್ಕ ಮಾತ್ರೆಗಳ ಡಬ್ಬಿ ಕೊಟ್ಟು, ನೋವು ಬಂದಾಗ ಮಾತ್ರ ಒಂದು ಎಂದು ಹೇಳಿ, ತಲೆ ತಗ್ಗಿಸಿ ಹೊರಟುಹೋದರು. ಸಂಜೆ ನೀಲಾ ಬೀರುವಿನ ಬಾಗಿಲು ತೆಗೆಯಲು ಹೋದಾಗ ಅದು ಎದುರಿನ ಮಂಚಕ್ಕೆ ತಾಗಿ ಅರ್ಧಕ್ಕೇ ನಿಂತಿತು. ನಾನು ಜೀವಮಾನವೆಲ್ಲ ಅಳತೆ ನೋಡಿದವಳು, ನನಗೆ ಟೇಪು ಬೇಕಿಲ್ಲ. ಬೋರಮ್ಮನ ಕಡೆಯ ಗೋಡೆ ಒಂದು ಗೇಣು ಒಳಗೆ ಬಂದಿತ್ತು.

"ಅಕ್ಕಾ, ಗೋಡೆ," ಎಂದಳು ನೀಲಾ. ದನಿ ಕೇಳಿದರೆ ಅಳು ಬರುವಂತಿತ್ತು. ಡಬ್ಬಿ ತೆರೆದು ನನ್ನ ನಾಲಗೆಯ ಕೆಳಗೆ ಮಾತ್ರೆ ತುರುಕಿದಳು. ನನಗೆ ಆಗ ನೋವೇನೂ ಇರಲಿಲ್ಲ, ಆದರೆ ಗೋಡೆಗಿಂತ ನನಗೇನು ಹೆಚ್ಚು ಗೊತ್ತು ಎಂದು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆ ತನ್ನ ಜಾಗಕ್ಕೆ ಸರಿಯಿತು. ನೀಲಾ ನನ್ನ ಹೆಗಲಿಗೆ ತಲೆ ಇಟ್ಟು ಅತ್ತೇಬಿಟ್ಟಳು. ಮಾತ್ರೆ ಕೆಲಸ ಮಾಡಿತಲ್ಲ ಎಂದು ನಾನೂ ಕಣ್ಣೊರೆಸಿಕೊಂಡೆ. ಆಮೇಲೆ ಅವಳು ನನ್ನ ಟೈಲರ್ ಚಾಕ್‌ಪೀಸಿನಿಂದ ಗೋಡೆಯ ಬುಡಕ್ಕೆ ನೆಲದ ಮೇಲೆ ಒಂದು ಗೆರೆ ಎಳೆದಳು. ಗೋಡೆ ಗೆರೆ ದಾಟಿದರೆ ಅಕ್ಕನಿಗೆ ನೋವು. ಇದು ಅವಳ ಲೆಕ್ಕ. ನಮ್ಮ ಊರಿನಲ್ಲಿ ಯಾರಾದರೂ ಹಾಗೆಯೇ ಲೆಕ್ಕ ಹಾಕುತ್ತಿದ್ದರು, ದಾಸಯ್ಯನವರ ಕಾಲು ಹೇಗಿದೆ ಎಂದು ಊರು ಕೇಳುತ್ತಿದ್ದದ್ದು ಅವರನ್ನಲ್ಲ, ಸೂರನ್ನು.

ನಮ್ಮದು ಸಾಲುಮನೆ, ಎರಡು ಮನೆಗೂ ಅದೊಂದೇ ಗೋಡೆ. ಅದು ನಮ್ಮ ಕಡೆಗೆ ಬಂದರೆ ಬೋರಮ್ಮನ ಮನೆ ಅಷ್ಟು ಅಗಲವಾಗುತ್ತಿತ್ತು. ಮೊದಲು ಅವಳು ನಾಚಿಕೊಂಡೇ ಅಲ್ಲಿ ಒಂದು ಸ್ಟೂಲು ಇಟ್ಟಳು. ಆಮೇಲೆ ಬೆಂಚು ಬಂತು, ಅದರ ಮೇಲೆ ಅಕ್ಕಿ ಡಬ್ಬ ಬಂತು. ಗೋಡೆ ಹಿಂದಕ್ಕೆ ಸರಿದಾಗ ಡಬ್ಬ ಧಡಾರನೆ ಉರುಳುತ್ತಿತ್ತು, ಬೋರಮ್ಮ "ಚಂದ್ರಕ್ಕಾ, ಗುಣ ಆಗೋದು ಆಗಿ, ಸ್ವಲ್ಪ ನಿಧಾನಕ್ಕೆ ಆಗಿ," ಎಂದು ಅತ್ತಲಿಂದ ಕೂಗುತ್ತಿದ್ದಳು. ಒಳ್ಳೆಯ ಹೆಂಗಸು. ದಿನಾ ಬೆಳಿಗ್ಗೆ ಬಂದು ನನ್ನ ಆರೋಗ್ಯ ವಿಚಾರಿಸುವಾಗ ಅವಳಿಗೆ ನಾನು ಬದುಕಬೇಕು ಎಂಬುದೂ ಇತ್ತು, ಬೆಂಚಿನ ಜಾಗ ಉಳಿಯಬೇಕು ಎಂಬುದೂ ಇತ್ತು.

ನೀಲಾ ಗಿರಣಿಗೆ ಹೋಗುವುದನ್ನು ಅರ್ಧ ದಿನಕ್ಕೆ ಇಳಿಸಿದಳು. ಮನೆಯಲ್ಲಿದ್ದಾಗ ಗೆರೆಯ ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸೊಪ್ಪು ಬಿಡಿಸುತ್ತಿದ್ದರೂ ಕಣ್ಣು ಅಲ್ಲೇ. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿದರೆ ಗೋಡೆ ಬರುತ್ತಿತ್ತು. ಬೋರಮ್ಮನ ಜೊತೆ ಜೋರಾಗಿ ನಕ್ಕು ಕೆಮ್ಮಿದರೆ ಬರುತ್ತಿತ್ತು. ಅಂಗಡಿಯಿಂದ ಬರುವುದು ತಡವಾದರೆ, ಬಂದು ಬಾಗಿಲು ತೆಗೆದಾಗ ನಡುಮನೆಯಲ್ಲಿ ಅಡ್ಡಡ್ಡ ನಡೆಯಬೇಕಾಗಿರುತ್ತಿತ್ತು, ನೀಲಾ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ಪ್ರತಿ ಸಲವೂ ಒಂದು ಮಾತ್ರೆ. ಬೇಡ ಎಂದರೆ, ಏನಿಲ್ಲ ಕಣೇ ಎಂದರೆ, ಅವಳ ಮುಖ ಹೈಸ್ಕೂಲು ಹುಡುಗಿಯ ಮುಖವಾಗುತ್ತಿತ್ತು. ಅದನ್ನು ನೋಡುವುದಕ್ಕಿಂತ ಮಾತ್ರೆ ಇಟ್ಟುಕೊಳ್ಳುವುದೇ ಸುಲಭ. ತಲೆ ಧಿಂ ಎನ್ನುತ್ತಿತ್ತು, ಕಿವಿಯಲ್ಲಿ ರಕ್ತ ಬಡಿದುಕೊಳ್ಳುತ್ತಿತ್ತು, ಎದ್ದು ನಿಂತರೆ ಕಣ್ಣು ಮಂಜಾಗುತ್ತಿತ್ತು. ನನಗೆ ನಿಜವಾದ ಹೆದರಿಕೆ ಶುರುವಾದದ್ದು ಆಗಲೇ. ಕಾಯಿಲೆಯಿಂದ ಸಾಯುತ್ತೇನೋ, ತಂಗಿಯ ಅಕ್ಕರೆಯಿಂದ ಸಾಯುತ್ತೇನೋ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಒಂದರ ಹಿಂದೊಂದು ಮಾತ್ರೆ ಇಟ್ಟುಕೊಂಡ ಮೇಲೆ ಹೊಸ್ತಿಲ ಬಳಿ ಕುಸಿದುಬಿದ್ದೆ. ಕಣ್ಣು ಬಿಟ್ಟಾಗ ಡಾಕ್ಟರು ನನ್ನ ಕಾಲುಗಳನ್ನು ಎತ್ತಿ ಹಿಡಿದಿದ್ದರು. ನೀಲಾ ಡಬ್ಬಿ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು.

"ನೋವಿಲ್ಲದೆ ಇದನ್ನ ತಗೊಂಡ್ರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತೆ," ಎಂದರು ಡಾಕ್ಟರು ಅವಳಿಗೆ. "ಇನ್ನೊಂದು ಸಲ ಹೀಗಾದ್ರೆ ಇವರು ಏಳ್ತಾರೆ ಅಂತ ನಾನು ಭರವಸೆ ಕೊಡಲ್ಲ."

"ನೋವಿಲ್ಲದೆ ಯಾಕೆ ಕೊಡ್ಲಿ ಡಾಕ್ಟ್ರೇ. ಗೋಡೆ ನೋಡ್ಕೊಂಡೇ ಕೊಟ್ಟೆ."

ಡಾಕ್ಟರು ಗೋಡೆಯನ್ನು ನೋಡಿದರು. ಅವರೂ ಇದೇ ಊರಿನವರು. ಹಾಗಾದರೆ ಸರಿ, ಆದರೂ ಹುಷಾರು ಎಂದು ಗೊಣಗಿ ಹೋದರು.

ಅಂದಿನಿಂದ ನಾನು ಕಳ್ಳಾಟ ಶುರುಮಾಡಿದೆ. ನೀಲಾ ಕೊಟ್ಟ ಮಾತ್ರೆಯನ್ನು ದವಡೆಗೆ ಒತ್ತರಿಸಿಕೊಂಡು, ಅವಳು ಆಚೆ ತಿರುಗಿದೊಡನೆ ಕರಿಬೇವಿನ ಕುಂಡಕ್ಕೆ ಉಗುಳುತ್ತಿದ್ದೆ. ಮಾತ್ರೆ ಮೈ ಸೇರದಿದ್ದರೆ ಗೋಡೆ ಅಲ್ಲೇ ನಿಲ್ಲುತ್ತದೆ, ಸಿಕ್ಕಿಬೀಳುತ್ತೇನೆ ಎಂದು ಮೊದಲ ಸಲ ಗೋಡೆಯನ್ನೇ ನೋಡುತ್ತಿದ್ದೆ. ಗೋಡೆ ನಿಲ್ಲಲಿಲ್ಲ. ನೀಲಾ ಡಬ್ಬಿ ಮುಚ್ಚಿ ಒಂದು ನಿಟ್ಟುಸಿರು ಬಿಟ್ಟಳು, ಅದು ಸರಸರ ಹಿಂದಕ್ಕೆ ಹೋಯಿತು. ಎರಡನೇ ಸಲವೂ ಹಾಗೇ. ಕುಂಡದಲ್ಲಿ ಮಾತ್ರೆ ಕರಗುತ್ತಿತ್ತು, ಗೋಡೆ ಅದು ನನ್ನ ಬಾಯಲ್ಲೇ ಕರಗಿದ ಹಾಗೆ ಸರಿಯುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ ನೀಲಾ ಗಿರಣಿಯಲ್ಲಿದ್ದಳು. ಹಬ್ಬದ ಹಿಂದಿನ ದಿನ, ಗಿರಣಿಯಲ್ಲಿ ಉಸಿರಾಡಲೂ ಪುರುಸೊತ್ತಿರದ ಹೊತ್ತು. ನಾನು ಅಟ್ಟದಿಂದ ಹಂಡೆ ಇಳಿಸಲು ಹೋದೆ, ಆಗ ನೋವು ಬಂತು. ನಿಜವಾದದ್ದು. ಎಡಭುಜದವರೆಗೆ ಹಿಂಡಿತು. ಗೋಡೆ ಹಿಡಿದುಕೊಂಡೇ ಕೂತೆ, ಬೆನ್ನಿಗೆ ತಣ್ಣಗೆ ತಾಗುತ್ತಿದ್ದ ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಗೆರೆ ಗೆರೆಯಲ್ಲೇ ಇತ್ತು. ಮಾತ್ರೆ ನಾನೇ ಹುಡುಕಿ ಇಟ್ಟುಕೊಂಡೆ. ನೋವು ಇಳಿದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಗೋಡೆಗೆ ನನ್ನ ಎದೆಯ ಪರಿವೆಯೇ ಇಲ್ಲ ಎಂದು ಗೊತ್ತಾಯಿತು. ಅದು ನೀಲಾಳ ದಿಗಿಲಿನ ಮಾತು ಕೇಳುತ್ತಿತ್ತು.

ಹೇಳಿಬಿಡಬೇಕು ಎಂದುಕೊಂಡೆ. ಆದರೆ ಹೇಗೆ ಹೇಳಲಿ? ನಿನ್ನ ದಿಗಿಲಿಗೇ ಗೋಡೆ ಬರುತ್ತಿದೆ ಎಂದರೆ ಅವಳಿಗೆ ದಿಗಿಲಾಗದೆ ಇದ್ದೀತೇ. ನಾನೇ ಅಕ್ಕನನ್ನು ಸಾಯಿಸುತ್ತಿದ್ದೇನೆ ಎಂದುಕೊಳ್ಳುತ್ತಾಳೆ, ಗೋಡೆ ಎದುರು ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ನಡುವೆ ನಾವಿಬ್ಬರು. ಹೇಳದೆ ಇದ್ದರೆ ಒಂದಲ್ಲ ಒಂದು ದಿನ ಉಗುಳುವುದು ಮರೆತು ಸಾಯುತ್ತೇನೆ. ಇಲ್ಲವಾದರೆ ನಿಜವಾದ ನೋವು ಬಂದಾಗ ಅವಳು ಗೆರೆ ನೋಡಿ ಅಕ್ಕ ಚೆನ್ನಾಗಿದ್ದಾಳೆ ಎಂದು ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ಎತ್ತ ತಿರುಗಿದರೂ ಹಾದಿ ಕಾಣಲಿಲ್ಲ. ಅವಳ ಮುಂದೆ ಕೆಮ್ಮು ನುಂಗಿದೆ, ಆಕಳಿಕೆ ನುಂಗಿದೆ, ನಗುವನ್ನೂ ನುಂಗಿದೆ. ನಾನು ಹೀಗೆ ಬಿಗಿಯಾಗುತ್ತಾ ಹೋದಷ್ಟೂ ಅವಳು ನನ್ನ ಮುಖ ಹುಡುಕುತ್ತಿದ್ದಳು, ಗೋಡೆ ಇನ್ನೊಂದು ಬೆರಳು ಒಳಗೆ ಬರುತ್ತಿತ್ತು. ಬೀರುವನ್ನು ಜಗುಲಿಗೆ ಹಾಕಿದೆವು. ಮಂಚ ಬಿಚ್ಚಿ ಹಿತ್ತಲಿಗೆ ಹಾಕಿದೆವು. ಹೊಲಿಗೆ ಮೆಷಿನ್ನೊಂದು ಉಳಿಯಿತು, ಅದರ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದೆವು. ಬೋರಮ್ಮ ತನ್ನ ಮಗನ ಮದುವೆಯಾದರೆ ಮಂಚ ಎಲ್ಲಿ ಹಾಕಬಹುದು ಎಂದು ಅಳೆಯಲು ಶುರುಮಾಡಿದ್ದಳು.

ಸಿಲ್ವೆಸ್ಟರ್ ಮೇಷ್ಟ್ರು ಬಂದದ್ದು ಇಂಥ ದಿನಗಳಲ್ಲಿ, ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು. ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಅಡ್ಡಡ್ಡ ಒಳಗೆ ಬಂದು, ಮೆಷಿನ್ನಿನ ಸ್ಟೂಲಿನ ಮೇಲೆ ಮೊಣಕಾಲು ಗೋಡೆಗೆ ತಾಗಿಸಿ ಕೂತರು. ಮುಖದ ತುಂಬ ಖುಷಿ.

"ಸಿಕ್ತು ಕಣಮ್ಮಾ," ಎಂದರು. "ನೀವು ಹಗ್ಗ ಸಾಗಿಸಿದ್ದು ದಂಡ. ಹಗ್ಗ ಆಮೇಲೆ ಬಂದದ್ದು. ಮೊದಲಿಗೆ ಇದ್ದದ್ದು ಬರೀ ಇಕ್ಕಟ್ಟು, ಜಾಗ ಸಾಲದೆ ಇರೋದು. ಲ್ಯಾಟಿನ್ನೂ ಹುಟ್ಟಿಲ್ಲ, ಸಂಸ್ಕೃತಾನೂ ಹುಟ್ಟಿಲ್ಲ, ಆಗ ಯಾರೋ ಆಡಿದ ಮಾತು. ಯಾರೂ ಬರೆದಿಟ್ಟಿದ್ದಿಲ್ಲ. ಮಕ್ಕಳ ಮುಖ ನೋಡಿ ತಾಯಿ ಹೀಗಿದ್ದಿರಬೇಕು ಅಂತ ಊಹೆ ಮಾಡ್ತೀವಲ್ಲ, ಹಾಗೆ ಪಂಡಿತರು ಊಹಿಸಿದ್ದು."

"ಇಕ್ಕಟ್ಟು ಅಂತ ನಮಗೂ ಗೊತ್ತಾಯ್ತು ಬಿಡಿ ಮೇಷ್ಟ್ರೇ," ಎಂದೆ. ಇಷ್ಟಕ್ಕೇ ನಿಲ್ಲಿಸಲಿ ಎಂದು ಯಾಕೋ ಅನ್ನಿಸಿತು.

"ಕೇಳಿ, ಮುಂದಿದೆ. ಆ ತಾಯಿಯ ಮಕ್ಕಳು ದೇಶದೇಶಕ್ಕೆ ಹೋದವು. ಸಂಸ್ಕೃತಕ್ಕೆ ಬಂದದ್ದು ಅಂಹಸ್ ಆಯ್ತು. ಹಳೇ ಮಂತ್ರಗಳಲ್ಲಿ ಅದರಿಂದ ಬಿಡಿಸು, ಅಗಲವಾದ ಜಾಗ ಕೊಡು ಅಂತ ದೇವರನ್ನ ಕೇಳ್ಕೊಳ್ತಾರೆ, ನೋಡಿ. ಲ್ಯಾಟಿನ್ನಿಗೆ ಹೋದದ್ದು ಕವಲಾಯ್ತು. ಒಂದು ಕವಲು ಡಾಕ್ಟರ ಕೈ ಸೇರಿ ನಿಮ್ಮ ಎದೆಗೆ ಬಂತು. ಇನ್ನೊಂದು ಇಂಗ್ಲಿಷಿನವರು ಆಂಗ್ಸೈಟಿ ಅಂತಾರಲ್ಲ, ಅದಾಯ್ತು. ಕಳವಳ, ದಿಗಿಲು. ಬೇರು ಒಂದೇ."

ನಾನು ಕಣ್ಣು ಸನ್ನೆ ಮಾಡಿದೆ. ಕಾಲಿನಿಂದ ಅವರ ಕಾಲು ಒತ್ತಿದೆ. ಬೇರು ಸಿಕ್ಕ ಖುಷಿಯಲ್ಲಿರುವ ಮನುಷ್ಯನಿಗೆ ಕಾಲೂ ಇಲ್ಲ, ಕಣ್ಣೂ ಇಲ್ಲ.

"ಹಾಗಾಗಿ ಗೋಡೆ ನೋವಿಗೇ ಬರುತ್ತೆ ಅಂತ ಹೇಳೋ ಹಾಗಿಲ್ಲ," ಎಂದರು. "ಬೇರು ಯಾವ ಕವಲಿಗೆ ನೀರು ಹರಿಸುತ್ತೆ ಅಂತ ಯಾರಿಗೆ ಗೊತ್ತು. ಮನೇಲಿ ಕಳವಳ ಇದ್ರೆ ಅದಕ್ಕೂ ಬಂದೀತು."

"ಅಕ್ಕನಿಗೆ ಕಳವಳ ಎಲ್ಲಿಂದ ಬರಬೇಕು ಮೇಷ್ಟ್ರೇ," ಎಂದು ನೀಲಾ ನಕ್ಕಳು. "ಅವಳಿಗೆ ಯಾವುದಕ್ಕೂ ಭಯ ಇಲ್ಲ. ಭಯ ಎಲ್ಲ..."

ಅಲ್ಲಿಗೆ ನಿಂತಳು. ಗೋಡೆಯ ಕಡೆ ನೋಡಿದಳು, ನೆಲದ ಗೆರೆ ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು.

"ನಾನಾ?" ಎಂದಳು.

ಗೋಡೆ ಬಂತು. ಇಷ್ಟು ದಿನ ಕ್ಷೇಮ ವಿಚಾರಿಸುವ ನೆಂಟರ ಹಾಗೆ ಮೆಲ್ಲಗೆ ಬರುತ್ತಿದ್ದದ್ದು ಈ ಸಲ ನುಗ್ಗಿತು. ಮೇಷ್ಟ್ರು ಚೀಲ ಬಿಟ್ಟು ಅಡ್ಡಡ್ಡ ತಪ್ಪಿಸಿಕೊಂಡು ಬೀದಿಗೆ ಬಿದ್ದರು. ಹೊಲಿಗೆ ಮೆಷಿನ್ನು ಕಿರುಗುಟ್ಟುತ್ತಾ ವಾಲಿ ಬಾಗಿಲಿಗೆ ಅಡ್ಡವಾಗಿ ಸಿಕ್ಕಿಕೊಂಡಿತು. ನಾನು ಮತ್ತು ನೀಲಾ ಎದುರುಬದುರಾಗಿ ನಿಂತಿದ್ದೆವು, ನನ್ನ ಬೆನ್ನಿಗೆ ಒಂದು ಗೋಡೆ, ಅವಳ ಬೆನ್ನಿಗೆ ಇನ್ನೊಂದು. ಅತ್ತಲಿಂದ ಬೋರಮ್ಮ, "ಅಯ್ಯೋ ಚಂದ್ರಕ್ಕಾ, ಬದುಕಿದ್ದೀರಾ," ಎಂದು ಗೋಡೆ ಗುದ್ದುತ್ತಿದ್ದಳು.

ಅದೇ ಹೊತ್ತಿಗೆ ನನಗೆ ನೋವು ಬಂತು. ಸುಳ್ಳಲ್ಲ, ಗೋಡೆಯದಲ್ಲ, ನನ್ನದೇ. ಭುಜ ದಾಟಿ ಮೊಣಕೈಯವರೆಗೆ ಇಳಿಯಿತು, ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ನೀಲಾ ಡಬ್ಬಿ ತೆರೆದಳು, ಮಾತ್ರೆ ತೆಗೆದಳು, ನನ್ನ ಬಾಯಿಯ ಹತ್ತಿರ ತಂದು ಕೈ ನಿಲ್ಲಿಸಿದಳು. ಅವಳು ಯೋಚಿಸುತ್ತಿದ್ದದ್ದು ನನಗೆ ತಿಳಿಯಿತು. ನೋವಿಲ್ಲದೆ ಕೊಟ್ಟರೆ ಅಕ್ಕ ಏಳುವುದಿಲ್ಲ. ನೋವಿದ್ದು ಕೊಡದಿದ್ದರೂ ಏಳುವುದಿಲ್ಲ. ಗೋಡೆಯನ್ನು ಕೇಳುವ ಹಾಗಿಲ್ಲ.

"ಅಕ್ಕಾ," ಎಂದಳು. "ನೋಯ್ತಿದೆಯಾ?"

ಇಷ್ಟು ದಿನದಲ್ಲಿ ಅವಳು ನನ್ನನ್ನು ಇದನ್ನು ಕೇಳಿದ್ದು ಅದೇ ಮೊದಲು. ನನ್ನ ನಾಲಗೆ ತಾನಾಗಿಯೇ ಹಳೆಯ ಜಾಡು ಹಿಡಿಯಿತು. "ಏನಿ..."

"ಅಮ್ಮನ ಮಾತು ಬೇಡ," ಎಂದಳು ನೀಲಾ. ಅವಳ ಮೂಗು ನನ್ನ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ಬೀಳೋಕೂ ಜಾಗ ಇಲ್ಲ. ಒಂದೇ ಸಲ ನಿಜ ಹೇಳು."

ಅಮ್ಮನ ಮಾತು ಅರ್ಧಕ್ಕೇ ನಿಂತಿತು. ಅದನ್ನು ನುಂಗಿಕೊಳ್ಳುವುದು ನೋವು ತಡೆಯುವುದಕ್ಕಿಂತ ಕಷ್ಟವಾಯಿತು.

"ನೋಯ್ತಿದೆ," ಎಂದೆ. "ಮೊಣಕೈವರೆಗೂ. ತುಂಬಾ ನೋಯ್ತಿದೆ. ನನಗೆ ಭಯ ಆಗ್ತಿದೆ ಕಣೇ ನೀಲೂ."

ಅವಳು ಮಾತ್ರೆಯನ್ನು ನನ್ನ ನಾಲಗೆಯ ಕೆಳಗೆ ಇಟ್ಟಳು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಮಾತ್ರೆ ಕರಗುವವರೆಗೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು, ನಾನು ಅವಳ ಹುಬ್ಬಿನಲ್ಲಿ ಅಂಟಿದ್ದ ಹಿಟ್ಟನ್ನು ನೋಡುತ್ತಿದ್ದೆ. ಭುಜ ಹಗುರಾಯಿತು. ಈಗ ಹೇಗಿದೆ ಎಂದು ಕೇಳಿದಳು. ಈಗ ಇಳೀತಿದೆ, ಪೂರ್ತಿ ಹೋಗಿಲ್ಲ ಎಂದೆ. ಈಗ? ಈಗ ಹೋಯ್ತು. ಬೋರಮ್ಮನ ಕಡೆ ಏನೋ ಧಡಾರನೆ ಬಿದ್ದಾಗಲೇ ನಮಗೆ ಗೋಡೆಯ ನೆನಪಾದದ್ದು.

ಅದು ಪೂರ್ತಿ ಹಿಂದಕ್ಕೆ ಹೋಗಲಿಲ್ಲ, ಇಂದಿಗೂ ಹೋಗಿಲ್ಲ. ಕಾಯಿಲೆ ಇರುವವರೆಗೆ ಅದು ಇರುತ್ತದೆ. ನಡುಮನೆ ಈಗ ಇಬ್ಬರು ಪಕ್ಕಪಕ್ಕ ಕೂರುವಷ್ಟಿದೆ, ಮೆಷಿನ್ನಿಗೆ ಒಂದು ಮೂಲೆ ಇದೆ. ಬೋರಮ್ಮನ ಬೆಂಚು ಉಳಿದಿದೆ, ಮಂಚದ ಆಸೆ ಬಿಟ್ಟಿದ್ದಾಳೆ. ಹಗ್ಗಗಳನ್ನೆಲ್ಲ ವಾಪಸ್ ಕೊಟ್ಟಳು, ಬಾವಿ ಹಗ್ಗವೊಂದನ್ನು ಬಿಟ್ಟು. ಅದನ್ನು ಆಗಲೇ ಮೇಕೆಗೆ ಕಟ್ಟಿಬಿಟ್ಟಿದ್ದಳಂತೆ. ನನ್ನ ಲಂಗಕ್ಕೆ ಲಾಡಿ ಬಂತು. ಚಾಕ್‌ಪೀಸಿನ ಗೆರೆಯನ್ನು ನೀಲಾ ಒದ್ದೆ ಬಟ್ಟೆಯಿಂದ ಒರೆಸಿದಳು. ಅವಳು ಗಿರಣಿಯಿಂದ ಬಂದೊಡನೆ ನೋಯ್ತಾ ಎಂದು ಕೇಳುತ್ತಾಳೆ, ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಹೇಳುವುದು ಇನ್ನೂ ರೂಢಿಯಾಗಿಲ್ಲ, ಪ್ರತಿ ಸಲವೂ ಎಡವುತ್ತೇನೆ.

ಮೊನ್ನೆ ಸಂಜೆ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನನಗೆ ನೋವಿರಲಿಲ್ಲ, ನೀಲಾ ಕೇಳಿ ಆಗಿತ್ತು, ಹೇಳಿಯೂ ಆಗಿತ್ತು. ಆದರೂ ಗೋಡೆ ಒಂದು ಬೆರಳು ಒಳಗೆ ಬಂದು ನನ್ನ ಭುಜಕ್ಕೆ ತಾಗಿತು.

"ಯಾಕೇ?" ಎಂದೆ.

"ಏನಿಲ್ಲ," ಎಂದಳು ನೀಲಾ, ತಲೆ ಎತ್ತದೆ.

ಗೋಡೆ ಇನ್ನೊಂದು ಬೆರಳು ಬಂತು. ನಾನು ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ ಕಾದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿದಳು, ಖಾಲಿ ಸಿಪ್ಪೆಯನ್ನು ಮತ್ತೆ ಮುಚ್ಚಿದಳು, ಮತ್ತೆ ಬಿಡಿಸಿದಳು.

"ನೀನು ಹೋದ ದಿನ ಇದು ವಾಪಸ್ ಹೋಗುತ್ತಲ್ಲ ಅಕ್ಕಾ," ಎಂದಳು. "ಅಷ್ಟು ಅಗಲದ ಮನೇಲಿ ನಾನು ಏನು ಮಾಡ್ಲಿ?"

ಏನೂ ಆಗಲ್ಲ ಬಿಡೇ ಎಂದು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. "ಗೊತ್ತಿಲ್ಲ ಕಣೇ," ಎಂದೆ. "ಅದನ್ನ ನೆನೆಸಿಕೊಂಡ್ರೆ ನನಗೂ ಹೆದರಿಕೆ ಆಗುತ್ತೆ."

ಅವಳು ನನ್ನ ಕಡೆಗೆ ಸರಿದು ಕೂತಳು. ಸರಿಯಲು ಜಾಗವೇನೂ ಇರಲಿಲ್ಲ. ಕತ್ತಲಾಗುವ ಮೊದಲು ಮೊರದಲ್ಲಿದ್ದದ್ದನ್ನೆಲ್ಲ ಸುಲಿದು ಮುಗಿಸಿದೆವು.